ಮೊದಲ ದಿನದ ನಿಧಾನ

‘ನಿಧಾನವೇ ಪ್ರಧಾನ’ ಎಂಬ ಮಾತನ್ನು ನಾವು ಬಳಸುವುದು ಹೆಚ್ಚಾಗಿ ಆತುರಗಾರರನ್ನು ತಡೆಯಲು. ಘಾಟಿ ರಸ್ತೆಯ ಫಲಕದಲ್ಲಿ ಅದು ಬರೀ ಎಚ್ಚರಿಕೆ. ಆದರೆ ಸಂಸ್ಕೃತದಲ್ಲಿ ‘ನಿಧಾನ’ ಎಂದರೆ ಇಡುವುದು, ಕೂಡಿಡುವುದು, ಕೂಡಿಟ್ಟ ಸಂಪತ್ತು. ‘ನಿಧಿ’ಯ ಒಡಹುಟ್ಟಿದ ಪದ. ನಮ್ಮ ವಚನಕಾರರೂ ನೆಲದಡಿ ಅಡಗಿದ ಸಂಪತ್ತಿಗೆ ಇದೇ ಪದ ಬಳಸಿದ್ದಾರೆ. ಸಾವಕಾಶವೂ ಸಂಪತ್ತೂ ಒಂದೇ ಪದದೊಳಗೆ ಹೇಗೆ ಒಟ್ಟಿಗೆ ಬಾಳುತ್ತವೆ ಎಂಬುದು ನನಗೆ ಮನದಟ್ಟಾದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಅಲ್ಲಿಗೆ ಹೋದ ಮೊದಲ ದಿನವೇ.

ಬೆಳಿಗ್ಗೆ ಇವರು ನೋಡಬೇಕಾದ ಜಾಗಗಳ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ‘ಇವತ್ತು ನೀರಿನ ಪಕ್ಕ ನಡೆಯೋಣ, ಕಾಲು ನೋವು ಬಂದಲ್ಲಿ ಕೂರೋಣ’ ಎಂದರು. ಹಾಗಾಗಿ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯ ಒಂದು ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತೆವು.

ಕೂತ ಮೇಲೆ ಕಣ್ಣು ಮೇಲಕ್ಕೆ ಹೋಯಿತು. ಎದುರು ಸಾಲಿನ ಮನೆಗಳೆಲ್ಲ ಕಿರಿದು, ಎತ್ತರ, ಒಂದಕ್ಕೊಂದು ಭುಜ ತಾಗಿಸಿ ನಿಂತವು. ಪ್ರತಿ ಮನೆಯ ನೆತ್ತಿಯಲ್ಲೂ ಒಂದು ತೊಲೆ ಹೊರಚಾಚಿದೆ, ಅದರ ತುದಿಗೆ ಕಬ್ಬಿಣದ ಕೊಕ್ಕೆ. ಒಳಗಿನ ಮೆಟ್ಟಿಲುಗಳು ಏಣಿಯಷ್ಟೇ ಕಡಿದು, ಅಲ್ಲಿ ಮಂಚ ಬೀರು ಏರುವುದಿಲ್ಲ. ಅದಕ್ಕೇ ಕೊಕ್ಕೆಗೆ ಹಗ್ಗ ಕಟ್ಟಿ ಹೊರಗಿನಿಂದ ಎಳೆದು ಕಿಟಕಿಯಿಂದ ಒಳಗೆ ತೆಗೆದುಕೊಳ್ಳುವುದು. ಎಷ್ಟೋ ಮನೆಗಳ ಮುಂಗೋಡೆ ಬೀದಿಯ ಕಡೆಗೆ ಕೊಂಚ ಬಾಗಿದೆ. ಮೇಲೇರುವ ಸಾಮಾನು ಗೋಡೆಗೆ ಬಡಿಯದಿರಲೆಂದು ಹಾಗೆ ಕಟ್ಟಿದ್ದು ಎನ್ನುತ್ತಾರೆ. ಇನ್ನಷ್ಟು ನೋಡಿದರೆ ಬಾಗಿಲ ಮೇಲೆ ಅಂಗೈಯಗಲದ ಕಲ್ಲಿನ ಕೆತ್ತನೆ: ಒಂದರಲ್ಲಿ ಹಡಗು, ಇನ್ನೊಂದರಲ್ಲಿ ಮೀನು. ಮನೆಗಳಿಗೆ ನಂಬರು ಬರುವ ಮೊದಲು ಇವೇ ವಿಳಾಸ. ದೋಣಿಯಲ್ಲಿ ಸುತ್ತಿ ಬರುವವರ ಕಣ್ಣಿಗೆ ಇವು ಬೀಳುವುದು ಕಷ್ಟ.

ಹೆರೆನ್‌ಗ್ರಾಖ್ಟ್, ಕೈಸರ್ಸ್‌ಗ್ರಾಖ್ಟ್, ಪ್ರಿನ್ಸೆನ್‌ಗ್ರಾಖ್ಟ್ ಎಂಬ ಮೂರು ಕಾಲುವೆಗಳ ಈ ಬಳೆಯನ್ನು ತೋಡಲು ಶುರುಮಾಡಿದ್ದು 1613ರಲ್ಲಿ. 2010ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಿಜವಾದ ‘ನಿಧಾನ’ ಸಿಕ್ಕಿದ್ದು ಮಧ್ಯಾಹ್ನ, ಡ್ಯಾಮ್ ಚೌಕದ ಅರಮನೆಯ ಎದುರು. ಹದಿನೇಳನೆಯ ಶತಮಾನದಲ್ಲಿ ಪುರಭವನವಾಗಿ ಎದ್ದ ಈ ಕಲ್ಲಿನ ಬೆಟ್ಟ ನಿಂತಿರುವುದು ಕೆಸರಿಗೆ ಬಡಿದಿಳಿಸಿದ 13,659 ಮರದ ಕಂಬಗಳ ಮೇಲೆ. ಡಚ್ ಮಕ್ಕಳು ಈ ಸಂಖ್ಯೆಯನ್ನು ನೆನಪಿಡುವ ಬಗೆ ಚೆಂದ: ವರ್ಷದ 365 ದಿನಗಳ ಎಡಕ್ಕೆ ಒಂದು, ಬಲಕ್ಕೆ ಒಂಬತ್ತು. ಹಳೆಯ ಊರೆಲ್ಲ ಹೀಗೆಯೇ ಮರದ ಮೇಲೆ ನಿಂತಿದೆ. ನೀರೊಳಗೆ ಗಾಳಿ ಸೋಕದೆ ಇರುವ ಮರ ಬೇಗ ಕೊಳೆಯುವುದಿಲ್ಲ. ನೀರಿಳಿದು ಕಂಬದ ತಲೆಗೆ ಗಾಳಿ ತಾಗಿತೋ, ಕೊಳೆತ ಹಿಡಿಯುತ್ತದೆ, ಮನೆ ವಾಲುತ್ತದೆ. ಆದ್ದರಿಂದಲೇ ಅಲ್ಲಿ ನೀರಿನ ಮಟ್ಟ ಕಾಯುವುದೆಂದರೆ ಮನೆಯ ಪಾಯ ಕಾದಂತೆ. ಕಾಲುವೆಯನ್ನು ನಾನು ಅಲ್ಲಿಯವರೆಗೆ ಊರಿನ ಒಡವೆ ಎಂದುಕೊಂಡಿದ್ದೆ. ಅದು ಹೂತಿಟ್ಟ ಗಂಟಿನ ಕಾವಲುಗಾರ.

ಹೂತದ್ದೆಲ್ಲ ಒಳ್ಳೆಯದೂ ಅಲ್ಲ. ಆ ಚೆಂದದ ಮನೆಗಳ ಹಿಂದೆ ಮಲಬಾರಿನ ಮೆಣಸಿದೆ, ಜಾಜಿಕಾಯಿ ಇದೆ, ಗುಲಾಮರ ಬೆವರೂ ಇದೆ. 2021ರ ಜುಲೈ 1ರಂದು ನಗರದ ಮೇಯರ್ ಗುಲಾಮಗಿರಿಯಲ್ಲಿ ಊರಿನ ಪಾಲಿಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ನಿಧಾನವಾಗಿ ನೋಡುವುದೆಂದರೆ ಇದನ್ನೂ ನೋಡುವುದು. ಬರೀ ಚೆಂದವನ್ನು ಹೆಕ್ಕಿಕೊಂಡು ಬರುವುದು ನೋಟವಲ್ಲ.

ಸಂಜೆ ರೆಖುಲಿರ್ಸ್‌ಗ್ರಾಖ್ಟ್ ತುದಿಯ ಸೇತುವೆಗೆ ಒರಗಿ ನಿಂತೆವು. ಅಲ್ಲಿಂದ ಒಂದರ ಹಿಂದೊಂದು ಏಳು ಸೇತುವೆಗಳ ಕಮಾನು ಕಾಣುತ್ತವೆ. ದೀಪ ಹತ್ತಿದಾಗ ಅರ್ಧ ಕಮಾನುಗಳು ನೀರಿನ ನೆರಳಿನೊಡನೆ ಕೂಡಿ ಪೂರ್ಣ ವೃತ್ತವಾದವು. ಇವರು ಎಣಿಸಿದರು, ನಾನೂ ಎಣಿಸಿದೆ. ಪಟ್ಟಿ ಜೇಬಿನಲ್ಲೇ ಇತ್ತು.

ಆ ಊರಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಆನ್ ಫ್ರಾಂಕ್ ಅಡಗಿದ್ದ ಮನೆಯನ್ನು ನೋಡದೆ ಬರಬೇಡಿ. ಅದಕ್ಕೆ ಮುಂಚಿತವಾಗಿ ಆನ್‌ಲೈನ್‌ನಲ್ಲೇ ಟಿಕೆಟ್ ತೆಗೆಯಬೇಕು. ಆ ಟಿಕೆಟ್ಟನ್ನು ಎರಡನೆಯ ದಿನಕ್ಕೆ ತೆಗೆಯಿರಿ.