ನಾನು ಯಾರು, ಹೇಳಿ ನೋಡೋಣ?

ನಮ್ಮ ಮದುವೆಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ ಒಂದು ಆಟ ನಡೆಯುವುದುಂಟು. ಗೋಡೆಯ ಪಕ್ಕದ ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ಕುಳಿತಿರುತ್ತಾರೆ. ದೂರದ ಊರಿನಿಂದ ಬಂದ ನೆಂಟನೊಬ್ಬ ಅವರ ಮುಂದೆ ಹೋಗಿ ನಿಂತು, ನಗುತ್ತಾ, “ನಾನು ಯಾರು, ಹೇಳಿ ನೋಡೋಣ?” ಎಂದು ಕೇಳುತ್ತಾನೆ. ಸುತ್ತಲಿನವರೂ ನಗುತ್ತಾರೆ. ಹಿರಿಯರು ತಲೆಯನ್ನು ಅತ್ತಿತ್ತ ಹೊರಳಿಸಿ, ಒಂದೆರಡು ಹೆಸರುಗಳನ್ನು ತಡಕಾಡಿ, ಕೊನೆಗೆ ಸೋತು ತಾವೂ ನಗುತ್ತಾರೆ. ಕೇಳಿದವನ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ, ಪ್ರೀತಿಯೇ ಇರುತ್ತದೆ. ಆದರೂ ಅದು ಒಂದು ಪರೀಕ್ಷೆ. ಅದಕ್ಕೆ ಕುಳಿತವರು ಒಪ್ಪಿ ಕುಳಿತವರಲ್ಲ.

ಈ ಪರೀಕ್ಷೆಯಲ್ಲಿ ಎಂದಿಗೂ ತೇರ್ಗಡೆಯಾಗಲಾರದ ಕೆಲವರಿದ್ದಾರೆ. ಅವರ ನೆನಪು ಚೆನ್ನಾಗಿಯೇ ಇದೆ, ಕಿವಿಯೂ ಚುರುಕಾಗಿದೆ. ಬಂದವರ ಪಂಚೆಯ ಅಂಚು ಅವರಿಗೆ ಕಂಡೀತು, ಪಕ್ಕದಲ್ಲಿ ಓಡಿಹೋದ ಮಗು ಕಂಡೀತು. ಎದುರಿಗೆ ನಿಂತವರ ಮುಖ ಮಾತ್ರ ಕಾಣದು. ಮುಖವಿರಬೇಕಾದ ಕಡೆ ಒಂದು ಮಸಕು. ವಯಸ್ಸಿನೊಡನೆ ಬರುವ ಈ ವ್ಯಾಧಿಗೆ ವೈದ್ಯರು ಮ್ಯಾಕ್ಯುಲರ್ ಡೀಜನರೇಷನ್ ಎನ್ನುತ್ತಾರೆ. ಕಣ್ಣಿನ ನಡುಬಿಂದುವಿನ ಸವೆತ ಎಂದು ನಾವು ಕನ್ನಡದಲ್ಲಿ ಹೇಳಿಕೊಳ್ಳಬಹುದು. ೨೦೨೦ರ ಹೊತ್ತಿಗೆ ಪ್ರಪಂಚದಲ್ಲಿ ಸುಮಾರು ೧೯ ಕೋಟಿ ೬೦ ಲಕ್ಷ ಜನಕ್ಕೆ ಇದು ಯಾವುದಾದರೊಂದು ಹಂತದಲ್ಲಿ ಇರಬಹುದೆಂದು ತಜ್ಞರು ಅಂದಾಜು ಮಾಡಿದ್ದರು. ಚಿಕಿತ್ಸೆ ವೈದ್ಯರ ಪಾಲಿನದು. ಆದರೆ ಈ ವ್ಯಾಧಿ ಮನೆಯವರ ಮುಂದೆ, ನೆಂಟರಿಷ್ಟರ ಮುಂದೆ ಇಡುವ ಪ್ರಶ್ನೆಯೊಂದಿದೆ. ಇನ್ನೊಬ್ಬರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ನಾವು ತಿಳಿಯುವ ಬಗೆ ಯಾವುದು? ಅವರ ಮಾತನ್ನು ನಂಬುವುದು ನಮ್ಮ ಕರ್ತವ್ಯವೆ, ಕೇವಲ ಔದಾರ್ಯವೆ?

ಮುಪ್ಪಿನ ಕಣ್ಣೆಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಪೊರೆ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಪೊರೆ ತೆಗೆದ ಸಂಗತಿಯನ್ನು ನಮ್ಮ ನಾಡಿನ ಹಿರಿಯರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಕಟ್ಟು ಬಿಚ್ಚಿದರೆ ಲೋಕ ಮರಳಿ ಬರುತ್ತದೆ ಎಂಬ ನಂಬಿಕೆ ಆ ಕಾಲದಿಂದ ನಮ್ಮಲ್ಲಿ ಬೇರೂರಿದೆ. ಆದುದರಿಂದಲೇ ಕಣ್ಣು ಮಂಜಾಯಿತೆಂದು ಅಜ್ಜಿ ಹೇಳಿದರೆ, “ಆಪರೇಷನ್ ಮಾಡಿಸಿದರಾಯಿತು” ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಅದು ಕಿಟಕಿಯ ಗಾಜು ಮಾಸಿದಂತೆ, ಗಾಜನ್ನು ಬದಲಿಸಬಹುದು. ನಾವು ಹೇಳುತ್ತಿರುವ ವ್ಯಾಧಿ ಹಿಡಿಯುವುದು ಹಿಂಭಾಗದ ಅಕ್ಷಿಪಟಲವನ್ನು, ಅದರಲ್ಲಿಯೂ ಅದರ ನಟ್ಟನಡುವಿನ ಮಚ್ಚೆಯನ್ನು. ಅದರ ಅಗಲ ಸುಮಾರು ಐದು ಮಿಲಿಮೀಟರು, ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ಉದ್ದ. ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮಗನ ಮುಖದಲ್ಲಿ ದಣಿವನ್ನು ಕಾಣುವುದು, ಎಲ್ಲಕ್ಕೂ ಈ ಅಕ್ಕಿಕಾಳೇ ಆಧಾರ. ಇದು ಸವೆದರೆ ಬದಲಿಸಲು ಇನ್ನೊಂದಿಲ್ಲ.

ವ್ಯಾಧಿಯಲ್ಲಿ ಎರಡು ಬಗೆ. ಒಣ ಬಗೆಯದು ವರ್ಷಗಟ್ಟಲೆ ತೆಗೆದುಕೊಂಡು ಮೆಲ್ಲಗೆ ಸವೆಸುತ್ತದೆ. ಒದ್ದೆ ಬಗೆಯದರಲ್ಲಿ ಅಕ್ಷಿಪಟಲದ ಅಡಿಯಲ್ಲಿ ಬೇಡದ ರಕ್ತನಾಳಗಳು ಚಿಗುರಿ, ಸೋರಿ, ಕೆಲವೇ ದಿನಗಳಲ್ಲಿ ದೃಷ್ಟಿಯನ್ನು ಕೆಡಿಸಬಹುದು. ನೆಟ್ಟಗಿರುವ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುವುದು ಅದರ ಮೊದಲ ಸೂಚನೆಗಳಲ್ಲಿ ಒಂದು. ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ರೂಪಿಸಿದ ಚೌಕುಳಿ ಹಾಳೆಯನ್ನು ಇಂದಿಗೂ ವೈದ್ಯರು ಕೊಡುತ್ತಾರೆ: ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆಯನ್ನು ನೋಡಬೇಕು, ಗೆರೆ ಬಾಗಿದರೆ, ಚೌಕ ಅಳಿಸಿಹೋದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ೨೦೦೬ರ ಸುಮಾರಿನಿಂದ ಒದ್ದೆ ಬಗೆಯದಕ್ಕೆ ಕಣ್ಣಿನೊಳಗೇ ಕೊಡುವ ಚುಚ್ಚುಮದ್ದು ಬಳಕೆಗೆ ಬಂದು ಎಷ್ಟೋ ಜನರ ದೃಷ್ಟಿ ಉಳಿದಿದೆ. ಹೊತ್ತು ಮೀರದೆ ಕೊಡಿಸಬೇಕು, ಮತ್ತೆ ಮತ್ತೆ ಕೊಡಿಸಬೇಕು. ಒಣ ಬಗೆಯದರ ಕೊನೆಯ ಹಂತಕ್ಕೂ ೨೦೨೩ರಲ್ಲಿ ಅಮೆರಿಕದಲ್ಲಿ ಎರಡು ಔಷಧಗಳಿಗೆ ಒಪ್ಪಿಗೆ ದೊರೆಯಿತು. ಅವು ಸವೆತದ ವೇಗ ತಗ್ಗಿಸುತ್ತವೆ, ಹೋದುದನ್ನು ಮರಳಿ ತರಲಾರವು. ಹೊಗೆಸೊಪ್ಪಿನ ಚಟ ಈ ವ್ಯಾಧಿಗೆ ದೊಡ್ಡ ಮಿತ್ರ. ನಾವು ದೂರಮಾಡಬಲ್ಲ ಕಾರಣಗಳಲ್ಲಿ ಅದೇ ಮುಖ್ಯವಾದುದು. “ವಯಸ್ಸಾಯಿತಲ್ಲ, ಇನ್ನೇನು” ಎಂಬ ಮಾತು ಮನೆಗಳಲ್ಲಿ ವೇದಾಂತದ ವೇಷದಲ್ಲಿ ಓಡಾಡುತ್ತದೆ. ಬಹಳ ಸಲ ಅದು ವೇದಾಂತವಲ್ಲ, ಸೋಮಾರಿತನ.

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ವ್ಯಾಧಿ ನಡುವನ್ನು ಕಬಳಿಸಿ ಅಂಚನ್ನು ಉಳಿಸುತ್ತದೆ. ಅಂಚಿನ ನೋಟದಿಂದ ಮನುಷ್ಯ ಕೋಲಿಲ್ಲದೆ ನಡೆಯಬಲ್ಲ, ಕುರ್ಚಿಗೆ ಎಡವದೆ ಹೋಗಬಲ್ಲ, ಪಕ್ಕದಲ್ಲಿ ನೆಲದ ಮೇಲೆ ಬಿದ್ದ ನಾಣ್ಯವನ್ನು ಹೆಕ್ಕಿಕೊಳ್ಳಲೂ ಬಲ್ಲ. ಆದರೆ ಪತ್ರಿಕೆಯ ಒಂದು ಸಾಲು ಓದಲಾರ; ಹೆಂಡತಿಯ ಮುಖ ಕಾಣಲಾರ. ಹೋದ ಭಾಗ ಯಾವಾಗಲೂ ಕಪ್ಪಾಗಿ ತೋರುತ್ತದೆಂದೂ ಇಲ್ಲ. ಮಿದುಳು ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಸುತ್ತಲಿನ ಬಣ್ಣವನ್ನೇ ಎಳೆದು ಮುಚ್ಚಿಬಿಡುತ್ತದೆ. ನಮ್ಮೆಲ್ಲರ ಕಣ್ಣಿನಲ್ಲಿಯೂ ನರ ಹೊರಡುವ ಕಡೆ ಹುಟ್ಟಿನಿಂದ ಒಂದು ಕುರುಡು ಚುಕ್ಕೆ ಇದೆ. ಅದನ್ನು ನಾವು ಎಂದಾದರೂ ಕಂಡಿದ್ದೇವೆಯೆ?

ನಮ್ಮ ಬಳಕೆಯ ಮಾತಿನಲ್ಲಿ ಕಣ್ಣುಳ್ಳವನು, ಕುರುಡ ಎಂಬ ಎರಡೇ ಕೋಣೆಗಳಿವೆ. ಕಾಯಿದೆ ನಮಗಿಂತ ಮುಂದೆ ಹೋಗಿದೆ. ೧೯೯೫ರ ಕಾಯಿದೆಯೂ, ಅದರ ಬದಲು ಬಂದ ೨೦೧೬ರ ಕಾಯಿದೆಯೂ ಕುರುಡುತನವನ್ನು ಬೇರೆ, ಮಂದದೃಷ್ಟಿಯನ್ನು ಬೇರೆ ಎಂದು ಗುರುತಿಸಿವೆ. ಮನೆಯಲ್ಲಿ ಮಾತ್ರ ನಡುವಿನ ಕೋಣೆ ಇನ್ನೂ ಕಟ್ಟಿಲ್ಲ. ಆದುದರಿಂದ ಸಂಶಯ ಹುಟ್ಟುತ್ತದೆ. “ನೆಲದ ಮೇಲಿನ ನಾಣ್ಯ ಕಾಣುತ್ತದಂತೆ, ಎದುರು ನಿಂತ ನಾನು ಕಾಣುವುದಿಲ್ಲವಂತೆ!” ಇನ್ನೂ ಒಂದು ವಿಪರೀತವಿದೆ. ಎದುರಿಗಿರುವವರನ್ನು ಅಂಚಿನ ನೋಟದಿಂದ ಹಿಡಿಯಬೇಕಾದರೆ ಈ ರೋಗಿ ತನ್ನ ದೃಷ್ಟಿಯನ್ನು ಅವರ ಕಿವಿಯ ಆಚೆಗೋ ತಲೆಯ ಮೇಲಕ್ಕೋ ಹೊರಳಿಸಬೇಕು. ಮುಖ ತಿರುಗಿಸುವುದೆಂದರೆ ನಮ್ಮಲ್ಲಿ ತಿರಸ್ಕಾರ. ಈತ ಮುಖ ತಿರುಗಿಸುವುದು ನಿಮ್ಮನ್ನು ಕಾಣಬೇಕೆಂಬ ಆಸೆಯಿಂದ. ಮುಖ ನೋಡಿ ಮಣೆ ಹಾಕುವ ನಮ್ಮ ಸಮಾಜ, “ಜಂಭ ಬಂದಿದೆ” ಎಂದು ತೀರ್ಪು ಕೊಟ್ಟುಬಿಡುತ್ತದೆ.

ತಿಳಿವಳಿಕೆಗೆ ನಾಲ್ಕು ದಾರಿಗಳೆಂದು ನೈಯಾಯಿಕರು ಎಣಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇನ್ನೊಬ್ಬರ ನೋಟ ನಮಗೆ ಪ್ರತ್ಯಕ್ಷವಾಗುವಂತಿಲ್ಲ. ವೈದ್ಯರ ಯಂತ್ರ ಅಕ್ಷಿಪಟಲದ ಗಾಯವನ್ನು ತೋರಿಸೀತು; ಈ ಸಂಜೆ, ಈ ಬೆಳಕಿನಲ್ಲಿ, ಈ ಅಜ್ಜನಿಗೆ ಏನು ಕಾಣುತ್ತಿದೆ ಎಂಬುದನ್ನು ಅದು ತೋರಿಸದು. ಉಪಮಾನವೂ ಸೋಲುತ್ತದೆ, ಕಣ್ಣು ಮುಚ್ಚಿ ನೋಡಿಕೊಂಡರೆ ನಮಗೆ ದೊರೆಯುವುದು ಕತ್ತಲೆ, ಅವರಿಗಿರುವುದು ಅದಲ್ಲ. ಉಳಿದುದು ಅನುಮಾನ. ಶಾಸ್ತ್ರದಲ್ಲಿ ಅನುಮಾನವೆಂದರೆ ಹೊಗೆಯಿಂದ ಬೆಂಕಿಯನ್ನು ಊಹಿಸುವುದು. ನಮ್ಮ ಕನ್ನಡದ ಮನೆಮಾತಿನಲ್ಲಿ ಅದಕ್ಕೆ ಸಂಶಯವೆಂದೇ ಅರ್ಥ. ಈ ಅರ್ಥವ್ಯತ್ಯಾಸದಲ್ಲಿ ಒಂದು ಬುದ್ಧಿವಾದ ಅಡಗಿದೆಯೆಂದು ನನಗೆ ತೋರುತ್ತದೆ. ನಾಣ್ಯವನ್ನು ಕಂಡವನಿಗೆ ಮುಖವೂ ಕಾಣಲೇಬೇಕು ಎಂಬುದು ಮೊದಲ ಅರ್ಥದ ಅನುಮಾನ. ಕಣ್ಣಿನ ಒಳರಚನೆ ಅರಿಯದವನ ಕೈಯಲ್ಲಿ ಅದು ಬಹುಬೇಗ ಎರಡನೆಯ ಅರ್ಥಕ್ಕೆ ಇಳಿಯುತ್ತದೆ.

ಆಗ ನಮಗೆ ಉಳಿಯುವುದು ಶಬ್ದ, ಎಂದರೆ ಆಪ್ತವಾಕ್ಯ. ಬೌದ್ಧರೂ ವೈಶೇಷಿಕರೂ ಇದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ, ಅನುಮಾನದಲ್ಲಿಯೇ ಸೇರಿಸಿದರು. ನ್ಯಾಯಭಾಷ್ಯಕಾರ ವಾತ್ಸ್ಯಾಯನ ಒಪ್ಪಿದ. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬಯಸುವವನು ಆಪ್ತ ಎಂದು ಅವನ ಲಕ್ಷಣ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನ ಎಂದೂ ಅವನು ಹೇಳಿದ. ಹಾಗಾದರೆ ತನ್ನ ಕಣ್ಣಿನ ವಿಷಯದಲ್ಲಿ ಕುರ್ಚಿಯಲ್ಲಿ ಕುಳಿತ ಅಜ್ಜಿಗಿಂತ ದೊಡ್ಡ ಆಪ್ತರು ಯಾರು? ಆ ವಿಷಯವನ್ನು ಸಾಕ್ಷಾತ್ತಾಗಿ ಬಲ್ಲವರು ಆಕೆಯೊಬ್ಬರೇ. ಕನ್ನಡದಲ್ಲಿ ಆಪ್ತರೆಂದರೆ ಹತ್ತಿರದವರು. ಹತ್ತಿರದವರ ಮಾತನ್ನು ನಂಬದೆ ಹತ್ತಿರದವರಾಗಿ ಉಳಿಯುವುದು ಹೇಗೆ?

“ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ಇರುವಾಗ ಕಿವಿಯಾರೆ ಕೇಳಿದ್ದನ್ನು ನಂಬುವುದೆಂತು? ಕನಿಕರ ಗಿಟ್ಟಿಸಲು ಇದ್ದುದಕ್ಕಿಂತ ಹೆಚ್ಚು ಹೇಳುವವರಿಲ್ಲವೆ?” ಎಂದು ವಾಚಕರು ಕೇಳಬಹುದು. ಇರಬಹುದು. ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ. ಕಾಣುವವರನ್ನು ಕಾಣದವರೆಂದು ನಂಬಿದರೆ ನಮಗಾಗುವ ನಷ್ಟ ನಾಲ್ಕು ಮಾತು, ಹತ್ತು ಹೆಜ್ಜೆ. ಕಾಣದವರನ್ನು ನಟಿಸುವವರೆಂದು ಬಗೆದರೆ ಅವರಿಗಾಗುವ ನಷ್ಟ ಬಹು ದೊಡ್ಡದು. ಅವರು ಮದುವೆಗೆ ಬರುವುದನ್ನು ಬಿಡುತ್ತಾರೆ. ಬೀದಿಗೆ ಇಳಿಯುವುದನ್ನು ಬಿಡುತ್ತಾರೆ. ಕೊನೆಗೆ ‘ನನಗೆ ಕಾಣುವುದಿಲ್ಲ’ ಎಂದು ಹೇಳುವುದನ್ನೂ ಬಿಡುತ್ತಾರೆ. ವ್ಯಾಧಿ ಕಣ್ಣಿನ ನಡುವನ್ನಷ್ಟೆ ಕಸಿದಿತ್ತು. ಉಳಿದುದನ್ನು ನಾವು ಕಸಿದಂತಾಯಿತು.

ಆಪ್ತವಾಕ್ಯವಾಗಬೇಕಾದರೆ ಮೊದಲು ವಾಕ್ಯ ಹೊರಡಬೇಕು. ಇಲ್ಲಿ ಹಿರಿಯರ ಕರ್ತವ್ಯವೂ ಇದೆ. ಗುರುತು ಸಿಕ್ಕಂತೆ ನಗುವುದು, ಓದಿದಂತೆ ಪತ್ರಿಕೆ ಹಿಡಿಯುವುದು ಮರ್ಯಾದೆ ಕಾಪಾಡಿಕೊಳ್ಳುವ ಉಪಾಯಗಳು. ಅವು ಸಂಶಯಕ್ಕೇ ಗೊಬ್ಬರವಾಗುತ್ತವೆ. ಇಂಗ್ಲೆಂಡಿನ ಹೆಸರಾಂತ ನಟಿ ಜೂಡಿ ಡೆಂಚ್ ತಮಗೆ ಈ ವ್ಯಾಧಿಯಿರುವುದನ್ನು ೨೦೧೨ರಲ್ಲಿ ಬಹಿರಂಗವಾಗಿ ತಿಳಿಸಿದರು. ನಾಟಕದ ಮಾತುಗಳನ್ನು ತಾವೇ ಓದಲಾರದೆ ಬೇರೆಯವರಿಂದ ಓದಿಸಿಕೊಂಡು ಕಲಿಯಬೇಕಾಯಿತೆಂದು ಹೇಳಿಕೊಳ್ಳಲು ಅವರು ನಾಚಲಿಲ್ಲ. ಹೇಳಿದುದರಿಂದ ಅವರ ಗೌರವವೇನೂ ಕುಂದಲಿಲ್ಲ.

ಹೇಳಲು ಹೆಚ್ಚು ಧೈರ್ಯ ಬೇಕಾದ ಸಂಗತಿ ಇನ್ನೊಂದಿದೆ. ದೃಷ್ಟಿ ಕುಂದಿದ ಕೆಲವರಿಗೆ ಇಲ್ಲದ ಚಿತ್ರಗಳು ಕಾಣುತ್ತವೆ: ಸಾಲು ಮನುಷ್ಯರು, ಹೂವಿನ ಬಳ್ಳಿ, ಪುಟ್ಟ ಮಕ್ಕಳು. ಜಿನೀವಾದ ವಿಜ್ಞಾನಿ ಚಾರ್ಲ್ಸ್ ಬೊನೆ, ಬುದ್ಧಿ ನಿರ್ಮಲವಾಗಿಯೇ ಇದ್ದ ತನ್ನ ವೃದ್ಧ ತಾತನಿಗೆ ಹೀಗೆ ಮನುಷ್ಯರೂ ಹಕ್ಕಿಗಳೂ ಗಾಡಿಗಳೂ ಕಾಣುತ್ತಿದ್ದುದನ್ನು ೧೭೬೦ರಲ್ಲಿಯೇ ಬರೆದಿಟ್ಟ. ಇದು ಹುಚ್ಚಲ್ಲ, ಸುದ್ದಿ ಬಾರದ ಕಣ್ಣಿಗೆ ಮಿದುಳು ತಾನೇ ಹೆಣೆದುಕೊಟ್ಟ ಚಿತ್ರ. ಆದರೆ ನಮ್ಮಲ್ಲಿ “ಅರವತ್ತಕ್ಕೆ ಅರಳುಮರಳು” ಎಂಬ ಮಾತು ತುದಿನಾಲಗೆಯಲ್ಲಿಯೇ ಇರುತ್ತದೆ. ಹೇಳಿದರೆ ದೆವ್ವವೆಂದಾರು, ಮರುಳೆಂದಾರು ಎಂದು ಹೆದರಿ ಎಷ್ಟು ಮಂದಿ ಬಾಯಿ ಮುಚ್ಚಿಕೊಂಡಿರಬಹುದು! ನಂಬುವ ಕಿವಿಯೊಂದು ಇದೆಯೆಂದು ಗೊತ್ತಾದರಷ್ಟೇ ಇಂಥ ಮಾತು ಹೊರಗೆ ಬರುತ್ತದೆ.

ನಂಬಿದ ಮೇಲೆ ಮಾಡಬೇಕಾದುದೇನು? ಮಹಾಭಾರತದಲ್ಲಿ ಧೃತರಾಷ್ಟ್ರನ ಹತ್ತಿರ ಇಬ್ಬರಿದ್ದರು. ಗಾಂಧಾರಿ ತನ್ನ ಕಣ್ಣಿಗೂ ಬಟ್ಟೆ ಕಟ್ಟಿಕೊಂಡಳು. ಅವಳ ಪಾತಿವ್ರತ್ಯಕ್ಕೆ ಕೈಮುಗಿಯೋಣ. ಆದರೆ ಆ ಬಟ್ಟೆಯಿಂದ ಗಂಡನಿಗೆ ಒಂದು ಕಿರಣವೂ ಹೆಚ್ಚಾಗಿ ದೊರೆಯಲಿಲ್ಲ. ಒಬ್ಬರು ಕಾಣದ ಮನೆಯಲ್ಲಿ ಇಬ್ಬರು ಕಾಣದವರಾದರು. ಸಂಜಯ ತನ್ನ ಕಣ್ಣನ್ನು ತೆರೆದಿಟ್ಟುಕೊಂಡು, ಕಂಡುದನ್ನು ಕಂಡಂತೆ ಹೇಳಿದ. ಮಕ್ಕಳು ಸತ್ತ ಸುದ್ದಿಯನ್ನೂ ಮರೆಮಾಚಲಿಲ್ಲ. ಮರುಗುವ ಗಾಂಧಾರಿಯರು ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ, ಸಂಜಯರು ಕಡಮೆ.

ಸಂಜಯನ ಕೆಲಸ ದೊಡ್ಡದೇನಲ್ಲ. ಕೋಣೆಯೊಳಗೆ ಬಂದೊಡನೆ ಹೆಸರು ಹೇಳುವುದು. ಹೊರಟಾಗ ಹೊರಟೆನೆಂದು ತಿಳಿಸುವುದು, ಇಲ್ಲವಾದರೆ ಅವರು ಬರಿಯ ಕುರ್ಚಿಯೊಡನೆ ಮಾತನಾಡುತ್ತಾ ಉಳಿದಾರು. ದೀಪವನ್ನು ಅವರ ಭುಜದ ಹಿಂದಿನಿಂದ ಪುಸ್ತಕದ ಮೇಲೆ ಬೀಳುವಂತಿಡುವುದು. ಬಾಳೆಯೆಲೆಯ ಹಸಿರಿನ ಮೇಲೆ ಕಾಣುವ ಅನ್ನ ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಕಾಣೆಯಾಗುತ್ತದೆಂದು ಅರಿತು ಬಡಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಬಂದ ಕಾಗದವನ್ನು ಪೂರ್ತಿಯಾಗಿ ಓದಿ ಹೇಳುವುದು. “ಏನಿಲ್ಲ ಬಿಡಿ, ಬ್ಯಾಂಕಿನ ಕಾಗದ, ಇಲ್ಲಿ ಸಹಿ ಹಾಕಿ” ಎಂದು ಬೆರಳು ಹಿಡಿದು ಜಾಗ ತೋರಿಸುವ ಮಗ ಪ್ರಾಮಾಣಿಕನೇ ಇರಬಹುದು. ಆದರೆ ಓದಲಾರದವರ ಸಹಿಗೂ ಓದಬಲ್ಲವರ ಸಹಿಗೂ ಇರುವ ಅಂತರವನ್ನು ಕಾಯಬೇಕಾದವನು ಅವನೇ. ಧೃತರಾಷ್ಟ್ರನ ಅಪ್ಪುಗೆಗೆ ಭೀಮನ ಬದಲು ಕಬ್ಬಿಣದ ಪ್ರತಿಮೆಯನ್ನು ನೂಕಿದ ಕಥೆಯಲ್ಲಿ ಒಂದು ಜೀವವನ್ನು ಉಳಿಸುವ ಕಾರಣವಾದರೂ ಇತ್ತು. ಮನೆಯ ದಸ್ತಾವೇಜುಗಳ ವಿಷಯದಲ್ಲಿ ಅಂಥ ಕಾರಣ ಯಾರಿಗಿದೆ?

ಆದುದರಿಂದ ನಂಬುವುದು ಔದಾರ್ಯವಲ್ಲ, ಕರ್ತವ್ಯವೇ ಎಂದು ನನ್ನ ತೀರ್ಮಾನ. ಅದಕ್ಕೆ ಹೊಸ ನೀತಿಯೇನೂ ಬೇಕಾಗಿಲ್ಲ. ಹಳೆಯ ಅಭಿವಾದನದ ಕ್ರಮದಲ್ಲಿ ಹಿರಿಯರಿಗೆ ನಮಸ್ಕರಿಸುವವನು ತನ್ನ ಗೋತ್ರ, ಸೂತ್ರ, ಹೆಸರುಗಳನ್ನು ತಾನೇ ಹೇಳಿಕೊಳ್ಳಬೇಕು. ಗೋತ್ರ ಸೂತ್ರಗಳ ಗೊಡವೆಯಿಲ್ಲದ ಹಳ್ಳಿಯ ಜಗಲಿಯಲ್ಲಿಯೂ “ಯಾರ ಮಗನಪ್ಪ?” ಎಂದು ಕೇಳುವ ಅಧಿಕಾರ ಹಿರಿಯರದು, ತಂದೆಯ ಹೆಸರು ಹೇಳಿ ನಿಲ್ಲುವುದು ಕಿರಿಯರ ನಡತೆ. ಯಾವ ಪದ್ಧತಿಯಲ್ಲಿಯೂ ಹಿರಿಯರು ನಮ್ಮ ಹೆಸರನ್ನು ಊಹಿಸಿ ಗೆಲ್ಲಬೇಕೆಂದಿಲ್ಲ. ಹೆಸರು ಹೇಳಿ, ಕೈಯನ್ನು ಅವರ ಕೈಗೆ ಕೊಟ್ಟು, ಒಂದು ಗಳಿಗೆ ಕುಳಿತರೆ ಸಾಕು. ದನಿಯಿಂದ, ಅಂಗೈಯ ಬಿಸುಪಿನಿಂದ, ಅವರು ನಮ್ಮನ್ನು ತಮ್ಮದೇ ರೀತಿಯಲ್ಲಿ ಕಂಡುಕೊಳ್ಳುತ್ತಾರೆ.