ಹಸಿರು ತಂತಿಯ ನಿಯತ್ತು

ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ಜಾಗ, ದುಡಿಯುವ ಜಾಗ ಎಂದು ಎರಡಿಲ್ಲ. ರಾಮದುರ್ಗ, ಸುರೇಬಾನದ ನೇಕಾರರಿಗೆ ಪಡಸಾಲೆಯೇ ಮಗ್ಗದ ಖೋಲಿ. ಬೈಲಹೊಂಗಲದಲ್ಲಿ ಹಿತ್ತಲಿನ ತಗಡಿನ ಶೆಡ್ಡಿನೊಳಗೇ ಮೋಟಾರು ರಿಪೇರಿ ನಡೆಯುತ್ತದೆ. ಕಿತ್ತೂರಿನ ಹೆದ್ದಾರಿ ಬದಿಗೆ ಮನೆಗೆ ಆತುಕೊಂಡ ವೆಲ್ಡಿಂಗ್ ಅಂಗಡಿ, ಸವದತ್ತಿಯಲ್ಲಿ ಮನೆಯ ಮುಂಭಾಗಕ್ಕೇ ಹಿಟ್ಟಿನ ಗಿರಣಿ. ಇಂಥ ಜಾಗಗಳಿಗೆ ಮೊದಲೇ ಲೆಕ್ಕ ಹಾಕಿ ವೈರಿಂಗ್ ಮಾಡಿಸಿದವರು ಕಡಿಮೆ. ಮೊದಲಿಗೆ ಒಂದು ಬಲ್ಬು ಇತ್ತು. ಸೆಖೆಯೆಂದು ಅದೇ ಬೋರ್ಡಿನಿಂದ ಫ್ಯಾನಿಗೆ ತಂತಿ ಎಳೆದರು. ಮಗ ಗ್ರೈಂಡರ್ ತಂದ, ಇನ್ನೊಂದು ಪ್ಲಗ್ಗು ಬಂತು. ಸಂಸಾರ ಬೆಳೆದಂತೆ ತಂತಿಯೂ ಬೆಳೆಯಿತು. ಎಳೆದವರು ಮನೆಯವರೇ, ಕೈಯಲ್ಲಿ ಒಂದು ಟೆಸ್ಟರ್, ಒಂದು ಇಕ್ಕಳ, ಒಂದು ಸುರುಳಿ ಟೇಪು.

ಈ ಸ್ವಂತ ದುಡಿಮೆಯ ಮೇಲೆ ನನಗೆ ಗೌರವವಿದೆ. ಬೆಳಕಿನ ವಿಷಯದಲ್ಲಂತೂ ಆ ಜಾಗದಲ್ಲಿ ಕೂತು ದುಡಿಯುವವರಷ್ಟು ಬಲ್ಲವರು ಬೇರೆ ಯಾರೂ ಇರಲಾರರು. ದೀಪ ಬೆನ್ನ ಹಿಂದಿದ್ದರೆ ನೇಕಾರನ ನೆರಳು ಅವನ ಹಾಸಿನ ಮೇಲೆಯೇ ಬೀಳುತ್ತದೆ, ಕಪ್ಪು ನೂಲಿನ ಎಳೆ ಕಡಿದರೆ ಕಣ್ಣಿಗೆ ಸಿಗುವುದಿಲ್ಲ. ಅದೇ ದೀಪವನ್ನು ಒಂದು ಮೊಳ ಮುಂದೆ, ಒಂದು ಬದಿಗೆ ತಂದು ಕಟ್ಟಿದರೆ ಸಂಜೆಯ ದುಡಿಮೆ ಹಗುರಾಗುತ್ತದೆ. ಹಿಂದೆ 60 ವ್ಯಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ಹೆಚ್ಚುಕಡಿಮೆ ಕೊಡುವುದರಿಂದ ಇದ್ದ ಖರ್ಚಿನಲ್ಲೇ ಇನ್ನೆರಡು ದೀಪ ಹೆಚ್ಚಿಗೆ ಹಾಕಿಕೊಳ್ಳಬಹುದು. ಲೇಥ್ ಇರುವವರು ಇನ್ನೊಂದು ಮಾತನ್ನು ನೆನಪಿಡಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದು. ಚೋಕಿನ ಹಳೆಯ ಟ್ಯೂಬ್‌ಲೈಟು ಅದರಿಂದಾಗಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಮಿನುಗಿಗೂ ತಿರುಗುವ ವೇಗಕ್ಕೂ ಹೊಂದಿಕೆಯಾದರೆ, ಜೋರಾಗಿ ಸುತ್ತುವ ಚಕ್ ನಿಂತಂತೆ ಕಾಣುತ್ತದೆ. ನಿಂತಿದೆಯೆಂದು ಕೈ ಹಾಕಿದರೆ ಬೆರಳು ಹೋಗುತ್ತದೆ. ಯಂತ್ರದ ಬಳಿಗೆ ಮಿನುಗದ ಒಳ್ಳೆಯ ಎಲ್‌ಇಡಿಯೇ ಬೇಕು.

ದೀಪ ಎಲ್ಲಿರಬೇಕೆಂದು ತಿಳಿಯುವುದು ಒಂದು ವಿದ್ಯೆ, ಅದಕ್ಕೆ ಕರೆಂಟು ತರುವುದು ಇನ್ನೊಂದು. ಈ ಎರಡನೆಯದರ ಸ್ವಭಾವವೇ ಬೇರೆ. ಬಾಗಿಲು ಸೊಟ್ಟಗಿದ್ದರೆ ಹಾಕುವಾಗಲೇ ಗೊತ್ತಾಗುತ್ತದೆ, ನೇಯ್ಗೆ ತಪ್ಪಿದರೆ ಬಟ್ಟೆಯೇ ಹೇಳುತ್ತದೆ. ವೈರಿಂಗ್ ತಪ್ಪಿದ್ದರೂ ದೀಪ ಹತ್ತುತ್ತದೆ, ಮೋಟಾರು ತಿರುಗುತ್ತದೆ. "ನಡೀತೈತಿ ಬಿಡ್ರಿ" ಎನ್ನುತ್ತೇವೆ. ನಡೆಯುತ್ತದೆ ಎನ್ನುವುದು ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ತಪ್ಪು ವರ್ಷಗಟ್ಟಲೆ ಸುಮ್ಮನೆ ಕೂತಿದ್ದು, ಒಂದು ಮಳೆಗಾಲದಲ್ಲಿ ಒದ್ದೆ ಕೈಯೊಂದು ಮುಟ್ಟುವವರೆಗೆ ಕಾಯಬಲ್ಲದು.

ಯಾವುದೇ ಶೆಡ್ಡಿಗೆ ಹೋಗಿ ಬೋರ್ಡಿನ ಹತ್ತಿರ ನಿಂತು ನೋಡಿ. ಮೂರು ಪಿನ್ನಿನ ಪ್ಲಗ್ಗಿಲ್ಲದೆ ತಂತಿಯ ಎರಡು ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಗಿಸಿರುತ್ತಾರೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ಕಟೌಟಿಗೆ ದಪ್ಪ ತಾಮ್ರದ ಎಳೆ ಸುತ್ತಿರುತ್ತಾರೆ. ಫ್ಯೂಸ್ ಹೋಗುತ್ತಿದ್ದುದು ತಂತಿ ತಡೆಯಲಾರದಷ್ಟು ಭಾರ ಹೊರುತ್ತಿದೆ ಎಂದು ಹೇಳುವುದಕ್ಕೆ. ಅದರ ಬಾಯಿ ಮುಚ್ಚಿಸಿದರೆ ಗೋಡೆಯೊಳಗಿನ ತಂತಿಯೇ ಬಿಸಿಯೇರುತ್ತದೆ. ದೀಪಗಳಿಗೆಂದು ಎಳೆದ 1.5 ಚದರ ಮಿಲಿಮೀಟರಿನ ತಂತಿಗೆ ವೆಲ್ಡಿಂಗ್ ಮಷೀನು ಹಚ್ಚಿದರೆ ಆಗುವುದೂ ಇದೇ. ಮಗ್ಗದ ಮನೆಯಲ್ಲಾದರೆ ಬೋರ್ಡಿನ ಮೇಲೆ ಹತ್ತಿಯ ನವಿರು ಧೂಳು ಕೂತಿರುತ್ತದೆ, ಅದಕ್ಕೆ ಒಂದು ಕಿಡಿ ಸಾಕು.

ಇನ್ನು ಹಸಿರು ತಂತಿ, ಅಂದರೆ ಅರ್ಥಿಂಗಿನ ತಂತಿ. ಅರ್ಥಿಂಗ್ ಇಲ್ಲದೆಯೂ ಎಲ್ಲ ಯಂತ್ರ ಓಡುವುದರಿಂದ ಖರ್ಚು ಉಳಿಸಬೇಕೆಂದಾಗ ಮೊದಲು ಬಿಡುವುದು ಅದನ್ನೇ. ಎಲ್ಲ ಸರಿಯಿದ್ದರೆ ಆ ತಂತಿ ತನ್ನ ಆಯುಷ್ಯವಿಡೀ ಏನೂ ಹೊರುವುದಿಲ್ಲ. ಮೋಟಾರಿನೊಳಗೆ ಹೊದಿಕೆ ಸುಟ್ಟು ಅದರ ಕಬ್ಬಿಣದ ಮೈಗೆ ಕರೆಂಟು ಬಂದ ದಿನ, ಅದನ್ನು ಮನುಷ್ಯನ ಮೈಗೆ ಬಿಡದೆ ಭೂಮಿಗೆ ಒಯ್ಯುವುದು ಅದರ ಕೆಲಸ. ಪ್ಲಗ್ಗಿನ ಮೂರನೆಯ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರುವುದೂ ಇದಕ್ಕೇ: ಕರೆಂಟು ಬರುವ ಮೊದಲೇ ಅದು ಕೂಡಬೇಕು, ಕರೆಂಟು ಹೋದ ಮೇಲೆಯೇ ಬಿಡಬೇಕು. ನಮ್ಮ ಎರೆಭೂಮಿ ಹಸಿ ಇದ್ದಾಗ ಅರ್ಥಿಂಗಿಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಎರೆ ಬಿರುಕುಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿಯುತ್ತದೆ. ಅದಕ್ಕೇ ಹಿಂದಿನವರು ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿದ್ದರು. ಇಂದು ಎಷ್ಟೋ ಮನೆಗಳಲ್ಲಿ ಆ ಗುಂಡಿ ಫರಸಿಯ ಕೆಳಗೆ ಮುಚ್ಚಿಹೋಗಿದೆ.

"ಎಂಸಿಬಿ ಹಾಕಿಸಿದ್ದೇವಲ್ಲ" ಎಂದು ನಂಬಿ ಕೂತವರೂ ಇದ್ದಾರೆ. ಎಂಸಿಬಿ ಕಾಯುವುದು ತಂತಿಯನ್ನು. 16 ಆಂಪಿಯರಿನ ಎಂಸಿಬಿ 16,000 ಮಿಲಿ ಆಂಪಿಯರ್ ಹರಿಯುವವರೆಗೂ ಅಲುಗಾಡುವುದಿಲ್ಲ. ಮನುಷ್ಯನ ಎದೆಗೆ 30 ಮಿಲಿ ಆಂಪಿಯರ್ ದಾಟಿದರೇ ಅಪಾಯ. ಅಷ್ಟು ಸಣ್ಣ ಸೋರಿಕೆಯನ್ನು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುವುದು ಆರ್‌ಸಿಸಿಬಿ. ಆಸ್ತಿ ಕಾಯುವ ಸಾಧನವನ್ನು ಹಾಕಿಸಿ ಜೀವ ಕಾಯುವುದನ್ನು ಬಿಟ್ಟರೆ, ನಾವು ಯಾವುದಕ್ಕೆ ಹೆಚ್ಚು ಬೆಲೆ ಕಟ್ಟಿದೆವು ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕಾಗುತ್ತದೆ.

ನನ್ನ ಮನಸ್ಸನ್ನು ಬಹಳ ಕಾಡುವ ಮಾತು ಒಂದಿದೆ. ವೈರಿಂಗಿನಲ್ಲಿ ತಪ್ಪು ಮಾಡಿದವರೇ ಅದರ ಫಲ ಉಣ್ಣಬೇಕೆಂದಿಲ್ಲ. ತಂತಿ ಎಳೆದವನಿಗೆ ಯಾವ ಜಾಯಿಂಟು ಸಡಿಲ, ಎಲ್ಲಿ ಮುಟ್ಟಬಾರದು ಎಂಬುದು ಗೊತ್ತು. ಕಂಡಿಕೆ ಸುತ್ತುವ ತಾಯಿಗೆ ಗೊತ್ತಿಲ್ಲ. ಕೂಲಿಗೆ ಬಂದ ಹುಡುಗನಿಗೆ, ಆಡುತ್ತ ಬಂದ ಮೊಮ್ಮಗಳಿಗೆ, ನಾಳೆ ಬಾಡಿಗೆಗೆ ಬರುವವರಿಗೆ ಗೊತ್ತಿಲ್ಲ. ಅವರು ನಮ್ಮನ್ನು ನಂಬಿ ಸ್ವಿಚ್ಚು ಒತ್ತುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ನೇಕಾರರ ಮನೆಗಳಿಗೂ ನೀರು ಹೊಕ್ಕಿತು. ಅಂಥ ನೀರು ಇಳಿದು ಗೋಡೆ ಮೇಲೆ ಮೇಲೆ ಒಣಗಿದರೂ ಪೈಪಿನೊಳಗೆ, ಜಾಯಿಂಟಿನೊಳಗೆ ತೇವ ಉಳಿಯುತ್ತದೆ. ತಂತಿಯ ಹೊದಿಕೆ ಗಟ್ಟಿಯಿದೆಯೇ ಎಂದು ಮೆಗ್ಗರ್ ಹಚ್ಚಿ ಪರೀಕ್ಷೆ ಮಾಡದೆ ಮತ್ತೆ ಮೇನ್ ಹಾಕುವವರು ಮನೆಮಂದಿಯ ಜೀವವನ್ನು ಪಣಕ್ಕಿಟ್ಟಂತೆ.

ನನ್ನ ಮನೆ, ನನ್ನ ತಂತಿ, ನನ್ನ ಇಷ್ಟ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಕಾಯ್ದೆಯೂ ಈ ಗೆರೆಯನ್ನು ಎಳೆದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಕೆಲಸವನ್ನು ಮನೆಯವರಿಗೆ ಬಿಟ್ಟವು. ಅದೂ ಜೋಡಣೆಯ ಸಾಮರ್ಥ್ಯ, ಸ್ವರೂಪ ಬದಲಾಗದಿದ್ದರೆ ಮಾತ್ರ. ಹೊಸ ತಂತಿ ಎಳೆಯುವುದು, ಇದ್ದದ್ದನ್ನು ಹಿಗ್ಗಿಸುವುದು ಪರವಾನಗಿ ಇದ್ದ ಗುತ್ತಿಗೆದಾರರ ಕೆಲಸ ಎಂದವು. ಇದರಲ್ಲಿ ನಮ್ಮ ಕೈಯ ಮೇಲಿನ ಅಪನಂಬಿಕೆ ನನಗೆ ಕಾಣುವುದಿಲ್ಲ. ನಮ್ಮನ್ನು ನಂಬಿದ ಬೇರೆ ಕೈಗಳ ಕಾಳಜಿ ಕಾಣುತ್ತದೆ. ದೀಪ ಎಲ್ಲಿರಬೇಕು, ಪ್ಲಗ್ಗು ಎಷ್ಟೆತ್ತರದಲ್ಲಿರಬೇಕು, ಯಾವ ಯಂತ್ರ ಎಲ್ಲಿ ಕೂರಬೇಕು ಎಂದು ನಾವೇ ಗುರುತು ಹಾಕೋಣ. ತಂತಿಯ ದಪ್ಪ, ಅರ್ಥಿಂಗು, ಆರ್‌ಸಿಸಿಬಿಗಳನ್ನು ಬಲ್ಲ ವೈರ್‌ಮನ್ ನೋಡಲಿ. ಅವರು "ಅರ್ಥಿಂಗ್ ಹಾಕಿಸ್ರೀ ಅಣ್ಣಾರ" ಎಂದಾಗ ಅದೊಂದನ್ನು ಕಡಿಮೆ ಮಾಡಿ ರೇಟು ಇಳಿಸೆಂದು ಚೌಕಾಶಿಗೆ ನಿಲ್ಲಬಾರದು. ಕಾಣದ ಕಡೆ ಪ್ರಾಮಾಣಿಕವಾಗಿ ದುಡಿದ ಕೈಗೆ ಪೂರ್ತಿ ಕೂಲಿ ಕೊಡುವುದೂ ಧರ್ಮವೇ.

ಖಂಡೇ ಪೂಜೆಗೆ ಮಗ್ಗ, ಲೇಥು, ಗಿರಣಿ ಎಲ್ಲವನ್ನೂ ತೊಳೆದು ಒರೆಸಿ ಕುಂಕುಮ ಹಚ್ಚುತ್ತೇವೆ. ಅದಕ್ಕೆ ಮುಂಚಿನ ವಾರದಲ್ಲೊಂದು ದಿನ ವೈರ್‌ಮನ್‌ನನ್ನು ಕರೆಸಿ, ಮೇನ್ ಆಫ್ ಮಾಡಿಸಿ ಬೋರ್ಡು ಬಿಚ್ಚಿಸೋಣ. ಧೂಳು ತೆಗೆಸಿ, ಸಡಿಲವಾದ ಸ್ಕ್ರೂ ಬಿಗಿಸಿ, ಕಟೌಟಿನ ದಪ್ಪ ಎಳೆ ತೆಗೆದು ಸರಿಯಾದ ಫ್ಯೂಸ್ ಹಾಕಿಸೋಣ. ಮತ್ತೆ ಮೇನ್ ಹಾಕಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡೋಣ. ಅನ್ನ ಕೊಡುವ ಯಂತ್ರಕ್ಕೆ ಕೈಮುಗಿಯುವ ನಾವು, ಅದನ್ನು ನಡೆಸುವವರ ಜೀವಕ್ಕೂ ಅಷ್ಟೇ ಮರ್ಯಾದೆ ಕೊಡಬೇಕು.