ದಾರಿ ಬಿಡುವುದು ಯಾರ ಕೆಲಸ?

ಅಮೆರಿಕದ ಆಸ್ಟಿನ್ ನಗರದಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯ 2022ರಲ್ಲಿ ಐದು ವರ್ಷಗಳ ಒಂದು ಸಂಶೋಧನಾ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಟ್ಟ ಹಣ 36 ಲಕ್ಷ ಡಾಲರ್. ನಾಯಿಯಂತೆ ನಾಲ್ಕು ಕಾಲುಗಳಿರುವ ರೋಬೋಟ್‌ಗಳು ಕ್ಯಾಂಪಸ್ಸಿನಲ್ಲಿ ಓಡಾಡಿ, ಕೇಳಿದವರಿಗೆ ಸ್ಯಾನಿಟೈಸರಿನಂಥ ಸಣ್ಣಪುಟ್ಟ ವಸ್ತುಗಳನ್ನು ತಲುಪಿಸಬೇಕು. ಕೆಲಸ ಇಷ್ಟೇ. ಆದರೆ ತಂಡದಲ್ಲಿ ಎಂಜಿನಿಯರುಗಳು ಮತ್ತು ಕಂಪ್ಯೂಟರ್ ವಿಜ್ಞಾನಿಗಳ ಜೊತೆಗೆ ಸಂವಹನ, ಮಾಹಿತಿ ವಿಜ್ಞಾನ, ವಾಸ್ತುಶಿಲ್ಪ ಮುಂತಾದ ವಿಭಾಗಗಳವರೂ ಇದ್ದಾರೆ. ಒಂದು ಬಾಟಲಿಯನ್ನು ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಒಯ್ಯಲು ಇಷ್ಟೊಂದು ಶಾಸ್ತ್ರಗಳು ಯಾಕೆ ಬೇಕು?

ಯಾಕೆಂದರೆ ದಾರಿಯಲ್ಲಿ ಜನ ಇರುತ್ತಾರೆ. ಗೋಡೆ, ಕಂಬ, ಮೆಟ್ಟಿಲುಗಳನ್ನು ತಪ್ಪಿಸಿ ನಡೆಯುವುದು ಯಂತ್ರಕ್ಕೆ ಈಗ ಅಂಥ ಕಷ್ಟವಲ್ಲ. ಎದುರಿಗೆ ಬರುವ ಮನುಷ್ಯ ಕಂಬವಲ್ಲ. ಅವನೂ ಎಲ್ಲಿಗೋ ಹೊರಟಿದ್ದಾನೆ, ಅವನಿಗೂ ಅವಸರವಿದೆ, ನಿಮ್ಮನ್ನು ನೋಡಿ ಅವನೂ ಹೆಜ್ಜೆ ಬದಲಿಸುತ್ತಾನೆ. ದಾರಿ ಬಿಡುವುದು, ದಾರಿ ಕೇಳುವುದು ನಾವು ದಿನಕ್ಕೆ ನೂರು ಸಲ ಮಾಡುವ ಕೆಲಸ. ಅದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ತತ್ತ್ವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ರೋಬೋಟ್‌ಗಳ ವಿಷಯ ಮುಖ್ಯವೆನಿಸಿದ್ದು ಅದಕ್ಕಾಗಿಯೇ. ಯಂತ್ರಕ್ಕೆ ಕಲಿಸಬೇಕಾಗಿ ಬಂದಾಗ, ನಾವು ಯೋಚಿಸದೆ ಮಾಡುತ್ತಿದ್ದುದನ್ನು ಬಿಡಿಸಿ ಹೇಳಲೇಬೇಕಾಗುತ್ತದೆ.

ಈ ಕ್ಷೇತ್ರದಲ್ಲಿ ಒಂದು ಪ್ರಸಿದ್ಧ ಸಮಸ್ಯೆ ಇದೆ. 2010ರಲ್ಲಿ ಪೀಟರ್ ಟ್ರಾಟ್‌ಮನ್ ಮತ್ತು ಆಂಡ್ರಿಯಾಸ್ ಕ್ರೌಸ್ ಎಂಬ ಸಂಶೋಧಕರು ಅದನ್ನು ‘ಹೆಪ್ಪುಗಟ್ಟುವ ರೋಬೋಟ್’ ಎಂದು ಕರೆದರು. ಯಾರಿಗೂ ತಾಗಬಾರದು ಎಂಬ ಒಂದೇ ನಿಯಮ ಕೊಟ್ಟು ರೋಬೋಟನ್ನು ಜನಜಂಗುಳಿಗೆ ಬಿಟ್ಟರೆ, ಅದು ಪ್ರತಿಯೊಬ್ಬರೂ ಮುಂದೆ ಎಲ್ಲೆಲ್ಲಿ ಕಾಲಿಡಬಹುದು ಎಂದು ಲೆಕ್ಕ ಹಾಕುತ್ತದೆ. ಜನ ಹೆಚ್ಚಾದಂತೆ ಆ ಸಾಧ್ಯತೆಗಳು ಇಡೀ ಜಾಗವನ್ನು ತುಂಬಿಬಿಡುತ್ತವೆ. ಸುರಕ್ಷಿತವಾದ ಒಂದು ದಾರಿಯೂ ಉಳಿಯುವುದಿಲ್ಲ. ರೋಬೋಟ್ ನಿಂತಲ್ಲೇ ನಿಲ್ಲುತ್ತದೆ. ಎಲ್ಲರಿಗೂ ದಾರಿ ಬಿಡುವವನು ಎಲ್ಲಿಗೂ ಹೋಗಲಾರ.

ಅವರು ಸೂಚಿಸಿದ ಪರಿಹಾರ ಸರಳವಾಗಿದೆ, ಆಳವಾಗಿಯೂ ಇದೆ. ಜನರೂ ನನಗೆ ಸ್ವಲ್ಪ ಸರಿದು ಜಾಗ ಕೊಡುತ್ತಾರೆ ಎಂದು ರೋಬೋಟ್ ಎಣಿಸಬೇಕು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಊಟದ ಹಾಲ್‌ನಲ್ಲಿ ಇದನ್ನು 488 ಸಲ ಓಡಿಸಿ ನೋಡಿದರು. ಜನರ ಸಹಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡ ರೋಬೋಟ್, ತೆಗೆದುಕೊಳ್ಳದ ರೋಬೋಟಿಗಿಂತ ಚೆನ್ನಾಗಿ ನಡೆಯಿತು. ತುಂಬಿದ ಬಸ್ಸಿನಲ್ಲಿ ಇಳಿಯಲು ಹೊರಟವರಿಗೆಲ್ಲ ಇದು ಗೊತ್ತಿರುವ ವಿದ್ಯೆಯೇ. ಜಾಗ ಇರುವುದಿಲ್ಲ, ಹೊರಟರೆ ಆಗುತ್ತದೆ.

ನನ್ನ ಪ್ರಶ್ನೆ ಶುರುವಾಗುವುದು ಇಲ್ಲಿಂದ. ‘ಇವರು ನನಗೆ ದಾರಿ ಬಿಡುತ್ತಾರೆ’ ಎಂದು ಎಣಿಸುವುದು ಬರೀ ಊಹೆಯಲ್ಲ, ಅದೊಂದು ಹಕ್ಕುಸಾಧನೆ. ಬಸ್ಸಿನಲ್ಲಿ ನಾನು ನಿಮ್ಮ ಮೇಲೆ ಆ ಹಕ್ಕನ್ನು ಸಾಧಿಸುತ್ತೇನೆ, ಮುಂದಿನ ನಿಲ್ದಾಣದಲ್ಲಿ ನೀವು ನನ್ನ ಮೇಲೆ ಸಾಧಿಸುತ್ತೀರಿ. ನನಗೂ ಕಾಲು ನೋಯುತ್ತದೆ, ನನಗೂ ಹೊತ್ತಾಗಿರುತ್ತದೆ. ಸರಿದು ನಿಂತರೆ ನಾನೂ ಏನನ್ನೋ ಬಿಟ್ಟುಕೊಟ್ಟಂತೆ. ಅಪರಿಚಿತರ ನಡುವೆ ನಡೆಯುವ ಈ ಸಣ್ಣ ಸಾಲದ ವ್ಯವಹಾರವನ್ನು ನಾವು ಸೌಜನ್ಯ ಎನ್ನುತ್ತೇವೆ. ರೋಬೋಟಿಗೆ ಹೊತ್ತಾಗುವುದಿಲ್ಲ. ಹೊತ್ತಾಗುವುದು ಅದನ್ನು ಕಳಿಸಿದವರಿಗೆ. ಹಾಗಾದರೆ ನಾನು ಸರಿದು ನಿಂತಾಗ ಯಾರಿಗೆ ದಾರಿ ಬಿಟ್ಟಂತಾಯಿತು? ಅಲ್ಲಿ ಇಲ್ಲದ ಒಬ್ಬರಿಗೆ. ಅವರು ನನಗಾಗಿ ಎಂದೂ ಸರಿದು ನಿಲ್ಲಬೇಕಾಗಿಲ್ಲ.

ಇದು ಬರೀ ಪದಗಳ ಜಗಳ ಎನ್ನುವವರು 2019ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿನ ವಿಶ್ವವಿದ್ಯಾಲಯದ ಸುತ್ತ ಊಟ ತಲುಪಿಸುವ ಪುಟ್ಟ ರೋಬೋಟ್‌ಗಳ ಪ್ರಯೋಗ ನಡೆದಿತ್ತು. ಗಾಲಿಕುರ್ಚಿ ಬಳಸುವ ಪಿಎಚ್.ಡಿ. ವಿದ್ಯಾರ್ಥಿನಿಯೊಬ್ಬರು ದೊಡ್ಡ ರಸ್ತೆ ದಾಟುತ್ತಿದ್ದರು. ಫುಟ್‌ಪಾತಿಗೆ ಹತ್ತುವ ಇಳಿಜಾರಿನ ಜಾಗದಲ್ಲೇ ಒಂದು ರೋಬೋಟ್ ನಿಂತಿತ್ತು. ನಡೆಯುವವರಾದರೆ ಪಕ್ಕದಲ್ಲಿ ಕಾಲೆತ್ತಿ ಹತ್ತುತ್ತಿದ್ದರು. ಅವರಿಗೆ ಇದ್ದದ್ದು ಅದೊಂದೇ ದಾರಿ. ಸಿಗ್ನಲ್ ಬದಲಾಗುವ ಹೊತ್ತಿಗೆ ಅವರಿನ್ನೂ ರಸ್ತೆಯ ಮೇಲೇ ಇದ್ದರು. ಹೇಗೋ ಹತ್ತಿ ಪಾರಾದರು. ಅವರು ಇದನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಪ್ರಯೋಗವನ್ನು ಕೆಲಕಾಲ ನಿಲ್ಲಿಸಲಾಯಿತು.

ಆ ಯಂತ್ರ ಯಾರಿಗೂ ಗುದ್ದಲಿಲ್ಲ. ಸುಮ್ಮನೆ ನಿಂತಿತ್ತು. ಅನುಮಾನ ಬಂದಾಗ ನಿಲ್ಲುವುದೇ ಸುರಕ್ಷಿತ ಎಂಬುದು ಎಂಜಿನಿಯರಿಂಗಿನ ಸಾಮಾನ್ಯ ವಿವೇಕ. ಆದರೆ ನಿಲ್ಲುವುದೂ ಜಾಗ ಹಿಡಿಯುವ ಒಂದು ಬಗೆ. ಯಾರ ಜಾಗ ಎಂಬುದು ಅಳತೆಯಿಂದ ತಿಳಿಯುವುದಿಲ್ಲ. ಆ ಜಾಗ ಯಾರಿಗೆ ಬೇಕು, ಬೇರೆ ದಾರಿ ಯಾರಿಗಿಲ್ಲ ಎಂದು ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ಮರುವರ್ಷ, 2020ರಲ್ಲಿ, ಅದೇ ಪೆನ್ಸಿಲ್ವೇನಿಯಾ ರಾಜ್ಯ ಒಂದು ಕಾನೂನು ಮಾಡಿತು. ಸರಕಿನ ತೂಕ ಬಿಟ್ಟು ಸುಮಾರು 250 ಕಿಲೋವರೆಗಿನ ಇಂಥ ಯಂತ್ರಗಳನ್ನು ಅದು ಪಾದಚಾರಿಗಳೆಂದು ಪರಿಗಣಿಸಿತು. ಪಾದವಿಲ್ಲದ ಪಾದಚಾರಿ! ಹಕ್ಕು ಸಿಕ್ಕಿತು, ಸರಿದು ನಿಲ್ಲುವ ಸಂಕಟ ಮಾತ್ರ ಅದರ ಪಾಲಿಗೆ ಬರಲಿಲ್ಲ.

ಇದಕ್ಕೆ ಬಲವಾದ ಒಂದು ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನುಷ್ಯರು ದಾರಿ ಬಿಡುವ ರೀತಿ ಎಂದಾದರೂ ನ್ಯಾಯವಾಗಿತ್ತೇ? ನಮ್ಮಲ್ಲಿ ದಾರಿಗೂ ಜಾತಿ ಇತ್ತು. ಅಸ್ಪೃಶ್ಯನಾದವನು ಬೀದಿಗೆ ಬಂದರೆ ‘ಸಂಬೋಳಿ ಸಂಬೋಳಿ’ ಎಂದು ಕೂಗುತ್ತಾ ತನ್ನ ಬರವನ್ನು ತಾನೇ ಸಾರಬೇಕಿತ್ತು. ಆ ಕೂಗು ಸಂಬೋಳಿ ನಾಗಿದೇವ ಎಂಬ ಶರಣನ ಹೆಸರಿನಲ್ಲೇ ಉಳಿದುಕೊಂಡಿದೆ. 1924ರ ವೈಕಂ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ. ಇಂಥ ಮನುಷ್ಯರಿಗಿಂತ, ಎಲ್ಲರಿಗೂ ಒಂದೇ ಅಂತರ ಬಿಟ್ಟು ನಡೆಯುವ, ಜಾತಿ ಗೊತ್ತಿಲ್ಲದ ಯಂತ್ರ ಮೇಲಲ್ಲವೇ?

ಹಾಗೆ ನಡೆಯುವುದಾದರೆ ಮೇಲೇ. ಆದರೆ ಎರಡು ತೊಡಕುಗಳಿವೆ. ಮೊದಲನೆಯದು, ಎಲ್ಲರಿಗೂ ಸಮನಾಗಿ ದಾರಿ ಬಿಡುವ ಯಂತ್ರ ಜಂಗುಳಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಆಗಲೇ ನೋಡಿದೆವು. ಮುಂದೆ ಹೋಗಬೇಕಾದರೆ ಅದು ಯಾರೋ ಒಬ್ಬರು ಸರಿಯುತ್ತಾರೆ ಎಂದು ಎಣಿಸಲೇಬೇಕು.

ಎರಡನೆಯದು, ಯಂತ್ರ ತನ್ನ ನಡತೆಯನ್ನು ನಮ್ಮಿಂದಲೇ ಕಲಿಯುತ್ತದೆ. ರೋಬೋಟ್ ಸಂಶೋಧಕರು ಬಹಳ ಕಾಲ ನೆಚ್ಚಿಕೊಂಡದ್ದು ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1966ರಲ್ಲಿ ಬರೆದ ಅಳತೆಗಳನ್ನು: ಆಪ್ತರಿಗೆ ಸುಮಾರು 45 ಸೆಂಟಿಮೀಟರಿನೊಳಗೆ, ಗೆಳೆಯರಿಗೆ 1.2 ಮೀಟರಿನವರೆಗೆ, ಹೀಗೆ. ಅವು ಮುಖ್ಯವಾಗಿ ಅಮೆರಿಕದ ಈಶಾನ್ಯ ಕರಾವಳಿಯ ಮಧ್ಯಮವರ್ಗದವರನ್ನು ನೋಡಿ ಮಾಡಿದ ಅಳತೆಗಳು, ಎಲ್ಲರಿಗೂ ಅನ್ವಯಿಸಬೇಡಿ ಎಂದು ಹಾಲ್ ತಾನೇ ಎಚ್ಚರಿಸಿದ್ದ. ಈಗ ನೇರವಾಗಿ ಮನುಷ್ಯರನ್ನೇ ಅನುಕರಿಸುವ ವಿಧಾನ ಬಂದಿದೆ. ಆಸ್ಟಿನ್ನಿನಲ್ಲೇ 2022ರಲ್ಲಿ ಅಂಥ ಒಂದು ದತ್ತಾಂಶ ಸಂಗ್ರಹ ಸಿದ್ಧವಾಯಿತು. ಜನರ ನಡುವೆ ಸಭ್ಯವಾಗಿ ರೋಬೋಟ್ ನಡೆಸುವುದು ಹೇಗೆಂದು ಮನುಷ್ಯರು ರಿಮೋಟ್ ಹಿಡಿದು ತೋರಿಸಿಕೊಟ್ಟ 8.7 ಗಂಟೆಗಳ ದಾಖಲೆ ಅದು, ಸುಮಾರು 40 ಕಿಲೋಮೀಟರ್ ದಾರಿ. ತೋರಿಸಿಕೊಟ್ಟವರು ನಾಲ್ಕು ಜನ.

ಅದು ಪ್ರಾಮಾಣಿಕವಾದ, ಉಪಯುಕ್ತವಾದ ಕೆಲಸ. ಆದರೆ ವಿಧಾನದ ತರ್ಕವನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಿ. ‘ಸಂಬೋಳಿ’ ಎಂದು ಕೂಗಬೇಕಿದ್ದ ಬೀದಿಯಲ್ಲಿ ಇಂಥ ದಾಖಲೆ ಮಾಡಿದ್ದರೆ ಯಂತ್ರ ಏನನ್ನು ಕಲಿಯುತ್ತಿತ್ತು? ಕೆಲವರ ಮುಂದೆ ಸರಿಯಬೇಕು, ಇನ್ನು ಕೆಲವರು ತಾವಾಗಿಯೇ ಸರಿಯುತ್ತಾರೆ ಎಂದು. ಜಾತಿಯ ಹೆಸರೇ ಗೊತ್ತಿಲ್ಲದೆ ಜಾತಿಯನ್ನು ಕರಾರುವಾಕ್ಕಾಗಿ ಪಾಲಿಸುತ್ತಿತ್ತು. ಅದರ ಲೆಕ್ಕದಲ್ಲಿ ಅದು ಸಭ್ಯ ನಡತೆಯೇ. ಯಾರಿಗೂ ತಾಗಲಿಲ್ಲ, ಯಾರೂ ಬೈಯಲಿಲ್ಲ. ಇವತ್ತಿನ ಬೆಂಗಳೂರಿನ ಫುಟ್‌ಪಾತಿನಲ್ಲಿ ಕಲಿತರೆ, ಬೈಕ್ ಹತ್ತಿ ಬಂದಾಗ ನಡೆಯುವವರು ಗೋಡೆಗೆ ಒತ್ತಿಕೊಳ್ಳುತ್ತಾರೆ ಎಂಬುದೇ ಅದಕ್ಕೆ ನಿಯಮವಾಗುತ್ತದೆ. ಜನ ಸರಿದರು ಎನ್ನುವುದಷ್ಟೇ ಕ್ಯಾಮೆರಾಕ್ಕೆ ಕಾಣುತ್ತದೆ. ಸೌಜನ್ಯದಿಂದ ಸರಿದರೋ ಹೆದರಿ ಸರಿದರೋ ಕಾಣುವುದಿಲ್ಲ.

ಆಸ್ಟಿನ್ನಿನಂಥ ತಂಡಗಳಲ್ಲಿ ಸಮಾಜವನ್ನು ಓದುವವರು ಇರಬೇಕಾದದ್ದು ಇದಕ್ಕಾಗಿ ಎಂದು ನನಗನಿಸುತ್ತದೆ. ಅವರ ಕೆಲಸ ಯಂತ್ರವನ್ನು ಜನ ಒಪ್ಪಿಕೊಳ್ಳುವಂತೆ ಮಾಡುವುದಷ್ಟೇ ಆಗಬಾರದು. ರೋಬೋಟ್ ಎಷ್ಟು ಬೇಗ ತಲುಪಿತು, ಎಷ್ಟು ಸಲ ಡಿಕ್ಕಿ ತಪ್ಪಿಸಿತು ಎಂದು ಎಂಜಿನಿಯರು ಅಳೆಯುತ್ತಾರೆ. ಅದರ ಜೊತೆಗೆ, ಅದಕ್ಕಾಗಿ ಯಾರು ಯಾರು ಸರಿದು ನಿಂತರು, ಎಷ್ಟು ಹೊತ್ತು, ಅವರಿಗೆ ಬೇರೆ ದಾರಿ ಇತ್ತೇ ಎಂದೂ ಬರೆದಿಡಬೇಕು. ಸರಿದು ನಿಂತವರು ಪದೇ ಪದೇ ಅದೇ ಜನರಾಗಿದ್ದರೆ ಯಂತ್ರ ಎಷ್ಟೇ ನಯವಾಗಿ ನಡೆದರೂ ಅದು ಸೋತಂತೆಯೇ.

ಸಾಲ ತೀರಿಸಲಾರದವನು ಸಾಲ ಕೇಳಿದರೆ ಅವನ ಪರವಾಗಿ ಜಾಮೀನು ನಿಲ್ಲುವವರು ಯಾರು ಎಂದು ವಿಚಾರಿಸುತ್ತೇವೆ. ನಮ್ಮ ಬೀದಿಗೆ ಬರುವ ಯಂತ್ರ ಕೇಳುವುದೂ ಸಾಲವನ್ನೇ, ಎರಡು ಹೆಜ್ಜೆ ಜಾಗದ ಸಾಲ. ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಜಾಮೀನುದಾರರ ಹೆಸರು ಕೇಳೋಣ ಎನ್ನುತ್ತಿದ್ದೇನೆ.